ಹಿಮದ ಮೇಲೆ ಒಂಟಿ ಸೀನು

ಮನುಷ್ಯನ ಬಾಳಿನ ದಿಕ್ಕನ್ನು ನಿರ್ಧರಿಸುವುದು ವಂಶದ ಗುಣವೋ, ಸ್ವಂತ ಪರಿಶ್ರಮವೋ ಅಥವಾ ಕಣ್ಣಿಗೆ ಕಾಣದ ವಿಧಿಯೋ ಎಂಬುದು ಬಲ್ಲವರು ತಲೆತಲಾಂತರದಿಂದ ಚರ್ಚಿಸುತ್ತ ಬಂದಿರುವ ಗಹನವಾದ ಪ್ರಶ್ನೆ. ನಮ್ಮ ಮನೆಯ ಮಟ್ಟಿಗೆ ಉತ್ತರ ಸಿಕ್ಕಿದೆ. ನೆಗಡಿ.

ವಿಷಯ ನನ್ನ ಮೊಮ್ಮಗಳ ಸ್ಕೀಯಿಂಗ್ ವೃತ್ತಿಜೀವನದ್ದು. ಹದಿನೆಂಟು ತುಂಬದ ಹುಡುಗಿಗೆ ವೃತ್ತಿಜೀವನವೆಂಬ ಭಾರದ ಮಾತು ಯಾಕೆ ಎಂದು ಕೆಲವರಿಗೆ ಅನ್ನಿಸಬಹುದು. ಆದರೆ ಆಕೆ ಹಿಮದ ಮೇಲೆ ನಿಂತದ್ದು ನೆಲದ ಮೇಲೆ ನೆಟ್ಟಗೆ ಓಡಲು ಕಲಿಯುವ ಮೊದಲು. ನಾನು ಸಿಡ್ನಿಯ ಚಾಟ್ಸ್‌ವುಡ್‌ನ ವಿಮಾ ಕಚೇರಿಯೊಂದರಲ್ಲಿ ಕುಳಿತು ಪರರ ಅಪಾಯಗಳನ್ನು ಅಂದಾಜು ಮಾಡುವ ಕೆಲಸ ಹಿಡಿದಾಗ ನನಗೆ ಮೂವತ್ತು ದಾಟಿತ್ತು. ಕಸುಬಿಗೆ ಬೇಗ ಬಿದ್ದವರನ್ನು ಹಿರಿಯರೆಂದು ಕರೆಯುವುದಾದರೆ ಅವಳೇ ನನಗಿಂತ ಹಿರಿಯಳು.

ಮಗಳು ಓದಲೆಂದು ಸಿಡ್ನಿಯಿಂದ ಮೆಲ್ಬರ್ನ್‌ಗೆ ಹೋದವಳು ಅಲ್ಲಿಯೇ ಒಬ್ಬ ಹುಡುಗನನ್ನು ನೋಡಿಕೊಂಡಳು. ಉಡುಪಿ ಕಡೆಯ ತಾಯಿ ಕೇಳಲೇಬೇಕಾದ ಪ್ರಶ್ನೆಯನ್ನು ನನ್ನ ಹೆಂಡತಿ ಫೋನಿನಲ್ಲಿ ಕೇಳಿದಳು.

“ಯಾವ ಕುಟುಂಬ?”

“ಸ್ಕೀಯಿಂಗ್ ಫ್ಯಾಮಿಲಿ ಅಮ್ಮ.”

“ಅದೆಂತ, ಅವರ ಜಾತಿಯಾ?”

“ಹೆಚ್ಚುಕಮ್ಮಿ ಹಾಗೇ.”

ಮಗಳು ತಮಾಷೆಗೆ ಹೇಳಿದ್ದಳು. ಸಂಬಂಧ ಬೆಳೆದ ಮೇಲೆ ನಮಗೆ ತಿಳಿಯಿತು, ಅದರಲ್ಲಿ ತಮಾಷೆ ಏನೂ ಇರಲಿಲ್ಲ.

ಬೀಗರ ತಂದೆ ಆಲ್ಪ್ಸ್ ಬೆಟ್ಟಗಳ ಕಡೆಯಿಂದ ಈ ದೇಶಕ್ಕೆ ಬಂದವರು. ಒಂದು ಪೆಟ್ಟಿಗೆ ಬಟ್ಟೆ, ಹಿಮದ ಮೇಲೆ ಜಾರಲು ಕಾಲಿಗೆ ಕಟ್ಟಿಕೊಳ್ಳುವ ಒಂದು ಜೊತೆ ಮರದ ಸ್ಕೀ ತಂದಿದ್ದರಂತೆ. ಬಟ್ಟೆ ಏನಾಯಿತೋ ಯಾರಿಗೂ ಗೊತ್ತಿಲ್ಲ, ಸ್ಕೀಗಳು ಈಗಲೂ ಬೀಗರ ಹಜಾರದ ಗೋಡೆಯ ಮೇಲೆ, ನಾವಾದರೆ ತೀರಿಹೋದ ಹಿರಿಯರ ಫೋಟೋ ಹಾಕುವ ಜಾಗದಲ್ಲಿವೆ. ಬೀಗರು ಮೆಲ್ಬರ್ನ್ ಹೊರವಲಯದ ಡ್ಯಾಂಡಿನಾಂಗ್‌ನ ಯಂತ್ರದ ಬಿಡಿಭಾಗಗಳ ಕಾರ್ಖಾನೆಯಲ್ಲಿ ನಿವೃತ್ತರಾಗುವವರೆಗೂ ದುಡಿದರು. ಅದು ಹೊಟ್ಟೆಪಾಡು. ಚಳಿಗಾಲದ ಶನಿವಾರ ಭಾನುವಾರ ಮೆಲ್ಬರ್ನ್‌ನಿಂದ ಮೂರೂವರೆ ಗಂಟೆ ದೂರದ ಬೆಟ್ಟದಲ್ಲಿ ನಡೆಯುತ್ತಿದ್ದುದು ಬದುಕು. ಬಾವುಟ ಕಟ್ಟಿದ ಕಂಬಗಳ ನಡುವೆ ಎಡಕ್ಕೂ ಬಲಕ್ಕೂ ತಿರುಗುತ್ತ ಬೆಟ್ಟದ ನೆತ್ತಿಯಿಂದ ಬುಡಕ್ಕೆ ಯಾರು ಬೇಗ ಇಳಿಯುತ್ತಾರೆ ಎಂಬುದೇ ಅವರ ಪಂದ್ಯ. ಯೌವನದಲ್ಲಿ ಬೀಗರು ದೊಡ್ಡ ತಂಡಕ್ಕೆ ಸೇರುವ ಅವಕಾಶವನ್ನು ಒಂದು ಕಣ್ರೆಪ್ಪೆ ಬಡಿಯುವಷ್ಟು ಅಂತರದಲ್ಲಿ ಕಳೆದುಕೊಂಡಿದ್ದರು. ಅವರ ಮಗ, ಅಂದರೆ ನಮ್ಮ ಅಳಿಯ, ಒಂದು ಮೊಣಕಾಲಿನ ಪೆಟ್ಟಿನಲ್ಲಿ ಕಳೆದುಕೊಂಡ. ಉಳಿದದ್ದು ಮೊಮ್ಮಗಳು. ಅವಳು ಹುಟ್ಟಿದ ದಿನ ಆಸ್ಪತ್ರೆಗೆ ಬಂದ ಬೀಗರು ಮಗುವಿನ ಮುಖಕ್ಕಿಂತ ಮೊದಲು ತೊಡೆ ನೋಡಿದರು.

ಮದುವೆಯ ದಿನ ನಾನು ಅವರಿಗೆ ‘ಬೀಗರು’ ಎಂಬ ಶಬ್ದವನ್ನು ಕಲಿಸಿದ್ದೆ. ಮಕ್ಕಳ ಮದುವೆಯಿಂದ ಹುಟ್ಟುವ ನಂಟಿಗೆ ಇಂಗ್ಲಿಷಿನಲ್ಲಿ ಹೆಸರೇ ಇಲ್ಲವಲ್ಲ ಎಂದು ಅವರು ಬೇಸರಪಟ್ಟರು. ಅಂದಿನಿಂದ ನಾನು ಅವರಿಗೆ ಬೀಗ್ರೇ, ಅವರು ನನಗೆ ಬೀಗ್ರೇ. ಸೂಪರ್ ಮಾರ್ಕೆಟ್ಟಿನ ನಡುವೆ ಆ ಎತ್ತರದ ಬಿಳಿಯ ಮನುಷ್ಯ ಗಂಟಲೆತ್ತಿ “ಬೀಗ್ರೇ!” ಎಂದು ಕೂಗಿದಾಗ ಸುತ್ತಲಿನ ಜನ ಬೆಂಕಿ ಬಿದ್ದಿದೆ ಎಂದು ತಿಳಿದು ನೋಡುತ್ತಿದ್ದರು.

ಆ ಮನೆಯ ಆಚಾರಗಳನ್ನು ನಾನು ಅಧ್ಯಯನ ಮಾಡಿದ್ದೇನೆ. ಪಂದ್ಯದ ಕಾಲ ಮುಗಿಯುವವರೆಗೆ ಒಂದು ಜೊತೆ ಕಾಲುಚೀಲವನ್ನು ಒಗೆಯುವಂತಿಲ್ಲ. ಬೂಟು ಹಾಕುವಾಗ ಎಡಗಾಲೇ ಮೊದಲು. ಹೊರಟವರಿಗೆ “ಒಳ್ಳೆಯದಾಗಲಿ” ಎಂದು ಬಾಯಿಬಿಟ್ಟು ಹೇಳುವಂತಿಲ್ಲ, ಹೇಳಿದರೆ ಕೆಟ್ಟದಾಗುತ್ತದೆ. ನೆಲದ ಮೇಲೆ ಮಲಗಿಸಿದ ಸ್ಕೀಯನ್ನು ಯಾರೂ ದಾಟಬಾರದು, ದಾಟಿದರೆ ಅದೇ ದಾರಿಯಲ್ಲಿ ಹಿಂದಕ್ಕೆ ದಾಟಬೇಕು. ಈ ಕಡೆಯ ನಿಯಮ ಕೇಳಿದ ದಿನ ನನ್ನ ಹೆಂಡತಿಯ ಮುಖ ಅರಳಿತು. ಮಲಗಿದ ಮಗುವನ್ನು ದಾಟಿದವರನ್ನು ಅವಳೂ ಹಾಗೆಯೇ ಹಿಂದಕ್ಕೆ ದಾಟಿಸುತ್ತಿದ್ದಳು.

“ಇವರು ನಮ್ಮವರೇ ಮಾರಾಯ್ರೆ,” ಎಂದಳು. “ಬಣ್ಣ ಮಾತ್ರ ಬೇರೆ.”

ಮೊಮ್ಮಗಳಿಗೆ ವರ್ಷ ತುಂಬಿ ಮಗಳು ಕೆಲಸಕ್ಕೆ ಮರಳಿದಾಗ ಹೆಂಡತಿ ಮಗು ನೋಡಿಕೊಳ್ಳಲು ಮೆಲ್ಬರ್ನ್‌ಗೆ ಹೋದಳು. ಕೆಲವು ತಿಂಗಳಿಗೆಂದು ಹೋದವಳು ಕೆಲವು ವರ್ಷ ಇದ್ದಳು. ನಾನು ಸಿಡ್ನಿಯ ಪೆಂಡಲ್ ಹಿಲ್‌ನಲ್ಲಿ, ಸ್ಟೇಷನ್ ಬಳಿಯ ಅಂಗಡಿಯ ಇಡ್ಲಿಹಿಟ್ಟನ್ನು ನಂಬಿಕೊಂಡು ವಾನಪ್ರಸ್ಥ ನಡೆಸಿದೆ. ಅಲ್ಲಿ ಹೆಂಡತಿ ಮತ್ತು ಬೀಗರ ನಡುವೆ ಒಂದು ಸಾಂಸ್ಕೃತಿಕ ವಿನಿಮಯ ನಡೆದಿತ್ತು. ಬೀಗರು ಅವಳನ್ನು ಡ್ಯಾಂಡಿನಾಂಗ್‌ಗೆ ಕರೆದೊಯ್ದು ಕುಚ್ಚಲಕ್ಕಿ, ಬೆಲ್ಲ ಕೊಡಿಸುತ್ತಿದ್ದರು. ಅವಳು ಅವರಿಗೆ ಬಸಳೆ ಹುಳಿ ಬಡಿಸುತ್ತಿದ್ದಳು. ಒಮ್ಮೆ ಅವರ ಗ್ಯಾರೇಜಿನಲ್ಲಿ ಸ್ಕೀ ಸಲೀಸಾಗಿ ಜಾರಲೆಂದು ಅದಕ್ಕೆ ಮೇಣ ಕರಗಿಸಿ ಸವರುವ ಇಸ್ತ್ರಿಪೆಟ್ಟಿಗೆ ಕಂಡು, ಕೇಳದೆ ತಂದು ತನ್ನ ಹತ್ತಿ ಸೀರೆಗೆ ತಿಕ್ಕಿದಳು. ಬೀಗರು ಬಂದು ಸೀರೆಯ ಸೆರಗನ್ನು ಬೆರಳಿನಲ್ಲಿ ಒರೆಸಿ ನೋಡಿ, “ಒದ್ದೆ ಹಿಮದಲ್ಲಿ ಇದು ಬಹಳ ಚೆನ್ನಾಗಿ ಜಾರುತ್ತದೆ,” ಎಂದು ಅಭಿಪ್ರಾಯಪಟ್ಟರು. ಅವರ ಇಂಗ್ಲಿಷನ್ನು ನಾನು ಕನ್ನಡಕ್ಕೆ ತಂದು ಬರೆಯುತ್ತಿದ್ದೇನೆ. ಆ ಮುಖದ ಗಾಂಭೀರ್ಯವನ್ನು ತರಲಾರೆ.

ಸೀನಿನ ಪ್ರವೇಶವಾದದ್ದು ಮೊಮ್ಮಗಳ ಮೊದಲ ಪಂದ್ಯದ ಬೆಳಿಗ್ಗೆ. ಅವಳಿಗಾಗ ಆರೋ ಏಳೋ ವಯಸ್ಸು. ನಾನೂ ಸಿಡ್ನಿಯಿಂದ ಬಂದಿದ್ದೆ. ಕಾರಿನ ಮೇಲೆ ಸ್ಕೀಗಳನ್ನು ಕಟ್ಟಿ ಆಗಿತ್ತು, ಎಲ್ಲರೂ ಬಾಗಿಲು ದಾಟುತ್ತಿದ್ದರು. ಬೀಗರು ಸೀನಿದರು. ಒಮ್ಮೆ.

ಹೆಂಡತಿ ಎರಡೂ ಕೈ ಚಾಚಿ ಬಾಗಿಲಿಗೆ ಅಡ್ಡ ನಿಂತಳು. “ಯಾರೂ ಹೋಗ್ಬೇಡಿ. ಬೀಗ್ರೇ, ಅಗೇನ್?”

“ಏನು ಅಗೇನ್?”

“ಇನ್ನೊಂದು ಸೀನು ಬರ್ತದಾ?” ಎಂದು ಮೂಗು ಮುಟ್ಟಿ ತೋರಿಸಿದಳು.

ಬೀಗರು ಮೂಗನ್ನು ಪರೀಕ್ಷಿಸಿಕೊಂಡರು. “ಇಲ್ಲ.”

“ಹಾಗಾದ್ರೆ ಸಿಟ್. ಎಲ್ಲ ಸಿಟ್. ವಾಟರ್.”

ಹೊರಡುವಾಗ ಒಂಟಿ ಸೀನು ಬಂದರೆ ಅಪಶಕುನ, ಜೋಡಿ ಸೀನಾದರೆ ಅಡ್ಡಿಯಿಲ್ಲ. ಒಂಟಿಯಾದರೆ ಕುಳಿತು ಒಂದು ಗುಟುಕು ನೀರು ಕುಡಿದು ಮತ್ತೆ ಹೊರಡಬೇಕು. ನಾನು ಬಾಲ್ಯದಿಂದ ವಿರೋಧಿಸಿಕೊಂಡು ಬಂದಿರುವ ಶಾಸ್ತ್ರ ಇದು. ಅಪಾಯ ಅಂದಾಜು ಮಾಡಿ ಸಂಬಳ ಪಡೆದ ಮನುಷ್ಯನಾಗಿ, ಮೂಗಿನ ಚಟುವಟಿಕೆಗೂ ರಸ್ತೆ ಅಪಘಾತಕ್ಕೂ ಸಂಬಂಧ ತೋರಿಸುವ ಒಂದೇ ಒಂದು ವಿಮಾ ಪಾಲಿಸಿಯನ್ನು ನಾನು ಕಂಡಿಲ್ಲವೆಂದು ಅಲ್ಲಿಯೇ ಹೇಳಿದೆ. ಯಾರೂ ಕೇಳಿಸಿಕೊಳ್ಳಲಿಲ್ಲ. ದಪ್ಪ ಕೋಟು ತೊಟ್ಟ ಬೀಗರ ಸಂಸಾರ ಸೋಫಾದ ಮೇಲೆ ಸಾಲಾಗಿ ಕುಳಿತು, ಮದುವೆಮನೆಯಲ್ಲಿ ಪಾನಕ ಕುಡಿಯುವ ಗಂಡಿನ ಕಡೆಯವರಂತೆ, ಒಂದೊಂದು ಗುಟುಕು ನೀರು ಕುಡಿಯಿತು.

ಆ ದಿನ ಮೊಮ್ಮಗಳು ತನ್ನ ವಯಸ್ಸಿನವರಲ್ಲಿ ಮೊದಲನೆಯವಳಾಗಿ ಬಂದಳು.

ಬೀಗರಿಗೆ ಇದಕ್ಕಿಂತ ಬೇರೆ ಪ್ರಮಾಣ ಬೇಕಿರಲಿಲ್ಲ. ಒಗೆಯದ ಕಾಲುಚೀಲ, ಎಡಗಾಲಿನ ಬೂಟು, ದಾಟದ ಸ್ಕೀ, ಇವುಗಳ ಪಕ್ಕದಲ್ಲಿ ಒಂಟಿ ಸೀನಿಗೂ ಪೀಠ ದೊರೆಯಿತು. ಹೊಸದಾಗಿ ದೀಕ್ಷೆ ಪಡೆದವರ ನಿಷ್ಠೆ ಹುಟ್ಟಾ ಭಕ್ತರಿಗೆ ಇರುವುದಿಲ್ಲ. ನನ್ನ ಹೆಂಡತಿ ತುಂಬಾ ತಡವಾಗಿದ್ದರೆ ಸೀನನ್ನು ಕೇಳಿಸದಂತೆ ಮಾಡಿಕೊಳ್ಳುವುದುಂಟು. ಬೀಗರು ಹಾಗಲ್ಲ. ಒಮ್ಮೆ ನೆರೆಮನೆಯವನು ತನ್ನ ಅಂಗಳದಲ್ಲಿ ಸೀನಿದ್ದಕ್ಕೆ ಬೇಲಿಯ ಮೇಲೆ ಬಗ್ಗಿ, “ನಿಮ್ಮದು ಒಂದೋ ಎರಡೋ?” ಎಂದು ವಿಚಾರಿಸಿದ್ದರು. ಒಂದೇ ಎಂದಾಗ ಸಂಸಾರವನ್ನೆಲ್ಲ ಒಳಗೆ ಕರೆದು ಕೂರಿಸಿದ್ದರು.

ಮುಂದಿನ ಹತ್ತು ವರ್ಷ ನಮ್ಮ ಚಳಿಗಾಲವೆಲ್ಲ ಬೆಟ್ಟದ ಬುಡದಲ್ಲಿ ಕಳೆಯಿತು. ಸ್ಕೀ ಪಂದ್ಯ ನೋಡುವುದೆಂದರೆ ಮಂಜಿನೊಳಗೆ ನಿಂತು ಮೇಲಕ್ಕೆ ದಿಟ್ಟಿಸುವುದು. ಒಂದು ಚುಕ್ಕೆ ಕಾಣುತ್ತದೆ, ದೊಡ್ಡದಾಗುತ್ತದೆ, ಹಾದುಹೋಗುತ್ತದೆ. ಅದು ನಮ್ಮ ಮೊಮ್ಮಗಳೆಂದು ಇತರರು ಹೇಳುತ್ತಾರೆ, ನಾವು ಚಪ್ಪಾಳೆ ತಟ್ಟುತ್ತೇವೆ. ಇಳಿಯುವ ಹೊತ್ತು ಒಂದು ನಿಮಿಷದ ಆಸುಪಾಸು. ಅದಕ್ಕೆ ಹಿಂದಿನ ದಿನದ ಡ್ರೈವ್, ಬಾಡಿಗೆಯ ಕೋಣೆ, ಮೂರು ಪದರದ ಉಣ್ಣೆಬಟ್ಟೆ ಮತ್ತು ಫ್ಲಾಸ್ಕಿನಲ್ಲಿ ಹೆಂಡತಿಯ ಕಷಾಯ. ನಾನೂ ಒಮ್ಮೆ ಸ್ಕೀ ಕಟ್ಟಿಕೊಂಡದ್ದುಂಟು. ಮಕ್ಕಳ ಇಳಿಜಾರಿನಲ್ಲಿ ನಿಂತೆ, ಇಳಿಜಾರು ನನ್ನ ಕಾಲ ಕೆಳಗಿನಿಂದ ತಾನೇ ಹೊರಟುಹೋಯಿತು. ಎಬ್ಬಿಸಲು ಬಂದ ಮೊಮ್ಮಗಳು “ಅಜ್ಜ, ಯು ಹ್ಯಾವ್ ಟು ಬೆಂಡ್ ಯುವರ್ ನೀಸ್” ಎಂದಳು. ಮೂವತ್ತು ವರ್ಷ ಆಫೀಸಿನ ಕುರ್ಚಿಯಲ್ಲಿ ಬಗ್ಗಿಸಿಯೇ ಇಟ್ಟಿದ್ದೆ ಎಂದು ಹೇಳಬೇಕೆನಿಸಿತು, ಬಾಯಿಯಲ್ಲಿ ಹಿಮವಿತ್ತು.

ಅವಳು ಕನ್ನಡ ಅರ್ಥ ಮಾಡಿಕೊಳ್ಳುತ್ತಿದ್ದಳು, ಉತ್ತರ ಇಂಗ್ಲಿಷಿನಲ್ಲಿ. ಆದರೆ ಮನೆಯಿಂದ ಹೊರಡುವಾಗ “ಹೋಗ್ತೇನೆ” ಎನ್ನದೆ “ಬರ್ತೇನೆ ಅಜ್ಜಿ” ಎಂದು ತಪ್ಪದೆ ಹೇಳುತ್ತಿದ್ದಳು. ಅಜ್ಜಿ ಹಾಗೆ ಬೆಳೆಸಿದ್ದಳು. ವೇಗವಾಗಿದ್ದಳು, ಹೆದರಿಕೆ ಕಡಿಮೆ. ಬಿದ್ದರೆ ಎದ್ದು ತಾನೇ ನಗುತ್ತಿದ್ದಳು. ಶಾಲೆಯ ತಂಡ, ಕ್ಲಬ್ಬಿನ ತಂಡ ಎಲ್ಲ ಮುಗಿಸಿ ಹದಿನೇಳನೆಯ ವರ್ಷಕ್ಕೆ ರಾಜ್ಯದ ತಂಡದ ಬಾಗಿಲಿಗೆ ಬಂದು ನಿಂತಳು.

ಆ ವರ್ಷದ ಕೊನೆಯ ಪಂದ್ಯ. ಅಂಕಗಳಲ್ಲಿ ಅವಳು ಎಷ್ಟು ಮುಂದಿದ್ದಳೆಂದರೆ ಗೆಲ್ಲಬೇಕಾಗಿಯೇ ಇರಲಿಲ್ಲ. ಬೀಳದೆ, ಒಂದು ಕಂಬವನ್ನೂ ತಪ್ಪಿಸದೆ ಬುಡಕ್ಕೆ ಬಂದು ತಲುಪಿದರೆ ಸಾಕು, ತಂಡದಲ್ಲಿ ಜಾಗ. ಜಾಗವೆಂದರೆ ಯುರೋಪಿನಲ್ಲಿ ಒಂದು ಇಡೀ ಚಳಿಗಾಲ, ಬೀಗರ ತಂದೆ ಬಿಟ್ಟುಬಂದ ಬೆಟ್ಟಗಳಲ್ಲಿ ತರಬೇತಿ. ತಪ್ಪಿದರೆ ಆ ಜಾಗ ಅಂಕಗಳಲ್ಲಿ ಅವಳ ಹಿಂದಿರುವ ಹುಡುಗಿಗೆ. ಇನ್ನೊಂದು ವರ್ಷ ಕಾಯುವ ಮಾತೂ ಇರಲಿಲ್ಲ, ಆಮೇಲೆ ಯೂನಿವರ್ಸಿಟಿ ಎಂದು ಮಗಳು ಮೊದಲೇ ಗೆರೆ ಎಳೆದಿದ್ದಳು. ಹುಡುಗಿ ಆ ಒಂದು ವಾರ ಸೈಕಲ್ ಹತ್ತಲಿಲ್ಲ, ಮೆಟ್ಟಿಲನ್ನು ಕಟಾಂಜನ ಹಿಡಿದು ಇಳಿದಳು. ಊಟದ ಹೊತ್ತಿನಲ್ಲಿ ಕಣ್ಣು ಮುಚ್ಚಿ ಕೈಯನ್ನು ಎಡಕ್ಕೆ ಬಲಕ್ಕೆ ಆಡಿಸುತ್ತ ಕಂಬಗಳ ನಡುವೆ ಇಳಿಯುತ್ತಿದ್ದಳು. ಅಷ್ಟು ಆಸೆಯಿಂದ ಅವಳು ಬೇರೇನನ್ನಾದರೂ ಬಯಸಿದ್ದನ್ನು ನಾನು ಕಂಡಿಲ್ಲ.

ನಾನೂ ನನ್ನ ಹಳೆಯ ಕಸುಬಿನ ಪ್ರಕಾರ ಅಪಾಯಗಳನ್ನು ಮನಸ್ಸಿನಲ್ಲಿಯೇ ಅಂದಾಜು ಮಾಡಿದ್ದೆ. ಗಟ್ಟಿಯಾದ ಮಂಜುಗಡ್ಡೆ, ಮಬ್ಬು ಬೆಳಕು, ಮೊಣಕಾಲು. ಎಲ್ಲವೂ ಇಳಿಯುವಾಗಿನ ಅಪಾಯಗಳು. ಇಳಿಯುವುದಕ್ಕೆ ಮೊದಲಿನದನ್ನು ನಾನು ಗಣನೆಗೆ ತೆಗೆದುಕೊಂಡಿರಲಿಲ್ಲ.

ಬೆಳಿಗ್ಗೆ ಎಲ್ಲ ಶಾಸ್ತ್ರೋಕ್ತವಾಗಿ ನಡೆಯಿತು. ಎಡಗಾಲು ಮೊದಲು ಬೂಟಿಗೆ ಹೋಯಿತು. ಯಾರೂ ಒಳ್ಳೆಯದಾಗಲಿ ಎನ್ನಲಿಲ್ಲ. ಯಾರೂ ಸೀನಲಿಲ್ಲ. “ಬರ್ತೇನೆ ಅಜ್ಜಿ,” ಎಂದು ಹುಡುಗಿ ಬೆಟ್ಟದ ನೆತ್ತಿಗೆ ಒಯ್ಯುವ ಲಿಫ್ಟ್ ಹತ್ತಿದಳು. ಜೊತೆಗೆ ಬೀಗರು. ನೆತ್ತಿಯಲ್ಲಿ ಕೊನೆಯ ಗಳಿಗೆಯಲ್ಲಿ ಅವಳ ಜಾಕೆಟ್ ತೆಗೆದುಕೊಂಡು, ಸ್ಕೀಯ ತಳ ಒರೆಸಿ ಕಳಿಸಿಕೊಡುವುದು ಯಾವಾಗಲೂ ಅವರ ಸೇವೆ. ನಾವು ಉಳಿದವರು ಬುಡದಲ್ಲಿ ನಿಂತೆವು.

ಮೈಕಿನಲ್ಲಿ ಅವಳ ಹೆಸರು ಕರೆದರು. ಹೆಂಡತಿ ನನ್ನ ತೋಳು ಹಿಡಿದಳು. ನಾವು ಮೇಲಕ್ಕೆ ದಿಟ್ಟಿಸಿದೆವು. ಚುಕ್ಕೆ ಕಾಣಲಿಲ್ಲ.

“ಬಂದಳಾ?”

“ಇಲ್ಲ.”

“ಬಿದ್ದಳಾ?”

“ಬೀಳಬೇಕಾದರೆ ಮೊದಲು ಹೊರಡಬೇಕಲ್ಲ.”

ಮೈಕಿನಲ್ಲಿ ಮುಂದಿನ ಹುಡುಗಿಯ ಹೆಸರು ಬಂತು. ಆ ಹುಡುಗಿ ಚುಕ್ಕೆಯಾಗಿ ಕಾಣಿಸಿ, ದೊಡ್ಡದಾಗಿ, ಹಾದುಹೋದಳು. ಅಳಿಯ ಹಿಮದ ಮೇಲೆ ಕುಳಿತುಬಿಟ್ಟ. ಅವನ ಮೊಣಕಾಲು ಅಷ್ಟು ಬೇಗ ಮಡಚುವುದನ್ನು ನಾನು ಆವರೆಗೆ ನೋಡಿರಲಿಲ್ಲ.

ಮೇಲೆ ನಡೆದದ್ದನ್ನು ಆಮೇಲೆ ಇಬ್ಬರ ಬಾಯಿಂದಲೂ ಕೇಳಿದೆ, ವ್ಯತ್ಯಾಸವಿರಲಿಲ್ಲ. ಹುಡುಗಿ ಹೊರಡುವ ಗೇಟಿನಲ್ಲಿ ಕೋಲುಗಳನ್ನು ಊರಿ ಮುಂದಕ್ಕೆ ಬಾಗಿದ್ದಳು. ಯಂತ್ರ ಕೀಂ ಕೀಂ ಎಂದು ಎಣಿಸಲು ಶುರುಮಾಡಿತ್ತು. ಕಡೆಯ ಕೀಂ ಆದಮೇಲೆ ಕೆಲವೇ ಸೆಕೆಂಡಿನೊಳಗೆ ಹೊರಡದಿದ್ದರೆ ಪಂದ್ಯದಿಂದ ಹೊರಗೆ. ಅವಳ ಬೆನ್ನ ಹಿಂದೆ ಜಾಕೆಟ್ ಹಿಡಿದು ನಿಂತಿದ್ದ ಬೀಗರಿಗೆ ಎರಡು ದಿನದಿಂದ ನೆಗಡಿ. ಅವರು ಸೀನಿದರು.

ಹುಡುಗಿ ತಿರುಗಿ ನೋಡಿದಳು. “ಓಪಾ! ಒನ್ ಮೋರ್!” ತಂದೆಯ ತಂದೆಯನ್ನು ಅವಳು ಓಪಾ ಎನ್ನುತ್ತಿದ್ದಳು.

ಬೀಗರಿಗೆ ಸನ್ನಿವೇಶ ತಕ್ಷಣ ಅರ್ಥವಾಯಿತು. ಅಲ್ಲಿದ್ದ ಬೇರೆ ಯಾರಿಗೂ ಆಗಲಿಲ್ಲ. ಅವರು ಕೈಗವಸು ಕಿತ್ತೆಸೆದು, ಮೂಗನ್ನು ಉಜ್ಜಿ, ಬಿಸಿಲು ಬಂದ ಕಡೆ ಮುಖ ಎತ್ತಿ, ಬಾಯಿ ತೆರೆದು ಎರಡನೆಯ ಸೀನಿಗೆ ಕಾದರು. ಮೂರು ತಲೆಮಾರಿನ ತಪಸ್ಸು ಒಂದು ಮೂಗಿನ ತುದಿಯಲ್ಲಿ ನಿಂತಿತ್ತು. ಬರಲಿಲ್ಲ. ಬಲವಂತವಾಗಿ “ಹಾಚ್” ಎಂದು ಒಂದು ಶಬ್ದ ಮಾಡಿದರು. “ದಟ್ಸ್ ಫೇಕ್,” ಎಂದಳು ಹುಡುಗಿ. ಅವರಿಗೂ ಅದು ಗೊತ್ತಿತ್ತು. ನೀರಿನ ಬಾಟಲಿಗಾಗಿ ಚೀಲಕ್ಕೆ ಕೈ ಹಾಕಿದರು, ಬಾಟಲಿಯೊಳಗೆ ನೀರು ಕಲ್ಲಾಗಿತ್ತು. ಯಂತ್ರ ಎಣಿಸಿ ಮುಗಿಸಿತು.

ಬೀಗರು ಬಿಟ್ಟುಕೊಡಲಿಲ್ಲ. ತೀರ್ಪುಗಾರರ ಡೇರೆಗೆ ಹೋಗಿ ಮರುಅವಕಾಶ ಕೇಳಿದರು. ದಾರಿಗೆ ಯಾರಾದರೂ ಅಡ್ಡ ಬಂದದ್ದುಂಟೆ? ಗೇಟು ಕೆಟ್ಟಿತ್ತೆ? ಎಂದು ಅಧಿಕಾರಿ ಸಹಾನುಭೂತಿಯಿಂದಲೇ ಕೇಳಿದರಂತೆ. ಬೀಗರು ಜೀವಮಾನದಲ್ಲಿ ಸುಳ್ಳು ಹೇಳಿದವರಲ್ಲ.

“ನಾನು ಸೀನಿದೆ,” ಎಂದರು.

“ಬ್ಲೆಸ್ ಯು,” ಎಂದರು ಅಧಿಕಾರಿ. ಅಲ್ಲಿಗೆ ಮೇಲ್ಮನವಿ ವಿಲೇವಾರಿಯಾಯಿತು.

ಮಧ್ಯಾಹ್ನ ಬಾಡಿಗೆಯ ಕೋಣೆಯಲ್ಲಿ ಎಲ್ಲರೂ ಸೇರಿದೆವು. ಒದ್ದೆ ಉಣ್ಣೆಯ ವಾಸನೆ. ಹುಡುಗಿ ಮೂಲೆಯಲ್ಲಿ ಬೂಟು ಬಿಚ್ಚದೆ ಕುಳಿತಿದ್ದಳು. ಮಗಳಿಗೆ ಸಿಟ್ಟು ನೆತ್ತಿಗೇರಿತ್ತು.

“ಅಮ್ಮಾ, ಇದೆಲ್ಲ ನಿನ್ನಿಂದ. ಸೀನು, ನೀರು, ಸಿಟ್ ಸಿಟ್! ನೋಡು ಈಗ.”

“ನನ್ನಿಂದ ಎಂತದು?” ಎಂದಳು ಹೆಂಡತಿ. “ನಿಲ್ಲಿಸ್ಲಿಕ್ಕೆ ಮಾತ್ರ ಹೇಳಿದ್ದಾ ನಾನು? ಪರಿಹಾರವೂ ಹೇಳಿದ್ದೇನಲ್ಲ. ಒಂದು ಗುಟುಕು ನೀರು ಕುಡಿದಿದ್ರೆ ಆಗ್ತಿತ್ತು.”

“ನೀರು ಐಸ್ ಆಗಿತ್ತಮ್ಮ!”

“ಮತ್ತೆ ಕಾಲಡಿಯಲ್ಲಿ ಇದ್ದದ್ದೆಂತ? ಬೆಟ್ಟ ಪೂರ್ತಿ ನೀರೇ ಅಲ್ವಾ? ಒಂದು ಚಿಟಿಕೆ ಹಿಮ ಬಾಯಿಗೆ ಹಾಕಿ ಹೊರಡುದಲ್ವಾ?”

ಮಗಳು ಇದನ್ನು ಬೀಗರಿಗೆ ಅನುವಾದಿಸಿ ಹೇಳಲೇಬೇಕಾಯಿತು. ಬೀಗರು ಬಹಳ ಹೊತ್ತು ಕಿಟಕಿಯ ಹೊರಗೆ, ಆಚೆಗೆ ಬಿದ್ದಿದ್ದ ಅಪಾರವಾದ ಹಿಮರಾಶಿಯನ್ನು ನೋಡಿದರು. ಜೀವನವಿಡೀ ಅದರ ಮೇಲೆ ಜಾರಿದ ಮನುಷ್ಯ.

“ಬೀಗ್ರೇ,” ಎಂದರು ನನ್ನ ಕಡೆ ತಿರುಗಿ, “ಹಿಮ ನಡೆಯುತ್ತದೆಯೆ?”

ಆ ಕೋಣೆಯಲ್ಲಿದ್ದ ಏಕೈಕ ನಾಸ್ತಿಕನನ್ನು ಶಾಸ್ತ್ರದ ಸಂದೇಹ ಕೇಳುತ್ತಿದ್ದರು. ಮೂಗಿಗೂ ಬೆಟ್ಟಕ್ಕೂ ಸಂಬಂಧವಿಲ್ಲ ಎಂದು ಹೇಳುವುದಕ್ಕೆ ಬಾಯಿ ತೆರೆದೆ. ಅವರ ಕಣ್ಣು ಕೆಂಪಾಗಿತ್ತು, ನೆಗಡಿಯಿಂದ ಮಾತ್ರವಲ್ಲ.

“ಮತಭೇದವಿದೆ,” ಎಂದೆ. “ಕುಡಿಯಬೇಕು ಎಂದಿದೆ. ಹಿಮವನ್ನು ತಿನ್ನುತ್ತಾರೆ.”

“ಹಾಗಾದರೆ ಹುಡುಗಿ ಮಾಡಿದ್ದು ಸರಿ.”

“ಬಹುಮಟ್ಟಿಗೆ.”

ಹೆಂಡತಿ ನನ್ನನ್ನು ನೋಡಿದ ರೀತಿಯಿಂದ, ಹಿಮದ ಪರವಾಗಿ ಅವಳಲ್ಲಿ ಇನ್ನೂ ವಾದಗಳಿವೆಯೆಂದೂ ಅವನ್ನು ಪೆಂಡಲ್ ಹಿಲ್‌ಗೆ ಮುಟ್ಟಿದ ಮೇಲೆ ಮಂಡಿಸಲಾಗುವುದೆಂದೂ ತಿಳಿಯಿತು. ಸದ್ಯಕ್ಕೆ ಅವಳು ಫ್ಲಾಸ್ಕಿನಿಂದ ಕಷಾಯ ಬಗ್ಗಿಸಿ ಬೀಗರ ಕೈಗೆ ಕೊಟ್ಟಳು. “ನೆಗಡಿಗೆ,” ಎಂದಳು.

ಹಿಂದಿರುಗುವಾಗ ಕಾರಿನ ಹಿಂದಿನ ಸೀಟಿನಲ್ಲಿ ನಾನೂ ಮೊಮ್ಮಗಳೂ. ಬೆಟ್ಟ ಇಳಿದು, ಹಿಮ ಮುಗಿದು, ಹಸಿರು ಹೊಲಗಳಲ್ಲಿ ಕುರಿಗಳು ಕಾಣಿಸಿಕೊಂಡ ಮೇಲೆ ಅವಳು ಕೇಳಿದಳು.

“ಅಜ್ಜ, ನೀವು ಅದು ಬಿಲೀವ್ ಮಾಡಲ್ಲ, ರೈಟ್?”

“ಇಲ್ಲ.”

“ಮೀ ನೀದರ್.”

“ಮತ್ತೆ?”

ಅವಳು ತನ್ನ ಎರಡು ತೊಡೆಗಳ ಮೇಲೂ ಕೈಯಿಟ್ಟು, ಅವು ಬೇರೆ ಯಾರದೋ ಎಂಬಂತೆ ನೋಡಿದಳು. “ಕಾಲು ಹೋಗ್ಲಿಲ್ಲ ಅಜ್ಜ. ಅಜ್ಜಿ ಬಾಗಿಲಲ್ಲಿ ಹೀಗೆ ನಿಂತಿದ್ದು ಕಾಣಿಸ್ತು.” ಎಂದು ಎರಡು ಕೈಯನ್ನೂ ಅಗಲಕ್ಕೆ ಚಾಚಿ ತೋರಿಸಿದಳು. ಕಾರಿನಲ್ಲಿ ಜಾಗ ಸಾಲದೆ ಒಂದು ಕೈ ನನ್ನ ಕನ್ನಡಕಕ್ಕೆ ತಗುಲಿತು. ಆಗ ಅತ್ತಳು. ನಾನು ಕನ್ನಡಕ ಸರಿಪಡಿಸಿಕೊಂಡೆ. ಅಪಾಯದ ಬಗ್ಗೆ ನನಗೆ ತಿಳಿದಿದ್ದುದರಲ್ಲಿ ಆ ಹೊತ್ತಿಗೆ ಉಪಯೋಗವಾಗುವಂಥದು ಏನೂ ಇರಲಿಲ್ಲ. ಚೀಲದಲ್ಲಿ ಬಾಟಲಿ ಇತ್ತು. ಮಂಜುಗಡ್ಡೆ ಅಷ್ಟರಲ್ಲಿ ಕರಗಿತ್ತು. ಕೊಟ್ಟೆ, ಕುಡಿದಳು.

ಬೀಗರು ಒಗೆಯದ ಕಾಲುಚೀಲಗಳನ್ನು ಆ ವಾರವೇ ಒಗೆದರು. ತಂಡದ ಪಟ್ಟಿ ಹದಿನೈದು ದಿನದ ನಂತರ ಬಂತು. ಮೊಮ್ಮಗಳ ಹೆಸರು ಅದರಲ್ಲಿ ಇರಲಿಲ್ಲ. ಅಂಕಗಳಲ್ಲಿ ಅವಳ ಹಿಂದಿದ್ದ ಹುಡುಗಿ ಯುರೋಪಿಗೆ ಹೋದಳು. ಮೊಮ್ಮಗಳು ಈಗ ಮೆಲ್ಬರ್ನ್‌ನಲ್ಲಿ ಫಿಸಿಯೋಥೆರಪಿ ಎರಡನೆಯ ವರ್ಷ ಓದುತ್ತಿದ್ದಾಳೆ.